ಪುಟಕೋಷ್ಟಕದ ಬರಹಗಳು ಕ್ರಮ ತಪ್ಪಿದಾಗ

ಎಕ್ಸ್86 ಯಂತ್ರದಲ್ಲಿ ತೊಂದರೆಯಿಲ್ಲದೆ ಓಡುವ ತಿದ್ದುಪಡಿಯೇ ಆರ್ಮ್ ಬೋರ್ಡಿನಲ್ಲಿ ಅಪರೂಪಕ್ಕೊಮ್ಮೆ ಕರ್ನಲ್ಲನ್ನು ಕುಸಿಯುವಂತೆ ಮಾಡುತ್ತದೆಂಬ ಓದುಗರ ದೂರಿನಲ್ಲಿಯೇ ದೋಷದ ಸುಳಿವಿದೆ: ಎಕ್ಸ್86 ಸಾಮಾನ್ಯ ಬರಹಗಳನ್ನು ಬರೆದ ಕ್ರಮದಲ್ಲೇ ಇತರ ಕೋರ್‌ಗಳಿಗೆ ಕಾಣಿಸುತ್ತದೆ, ಆರ್ಮ್ ಅಂಥ ಭರವಸೆ ಕೊಡುವುದಿಲ್ಲ. ಹೊಸ ಪುಟಕೋಷ್ಟಕವನ್ನು, ಅಂದರೆ ಪ್ರೋಗ್ರಾಂ ಬಳಸುವ ವಿಳಾಸಗಳನ್ನು ಭೌತಿಕ ಮೆಮೊರಿಯ ವಿಳಾಸಗಳಿಗೆ ಜೋಡಿಸುವ ಪಟ್ಟಿಯನ್ನು, ಸೊನ್ನೆಗಳಿಂದ ತುಂಬಿ, ಅದರ ಲಾಕ್ ಸಿದ್ಧಪಡಿಸಿ, ಬಳಿಕ ಅದರ ವಿಳಾಸವನ್ನು ಮೇಲಿನ ಹಂತದ ಕೋಷ್ಟಕದಲ್ಲಿ ಬರೆಯುವಾಗ, ಈ ಕೊನೆಯ ಬರಹವೇ ಇನ್ನೊಂದು ಕೋರ್‌ಗೆ ಮೊದಲು ಕಂಡರೆ, ಅದು ಹಳೆಯ ಕಸವನ್ನೇ ನಿಜವಾದ ನಮೂದೆಂದು ಓದುತ್ತದೆ.

ಲಾಕ್ ಹಿಡಿದೇ ಬರೆಯಲಾಗಿದೆಯೆಂಬ ಸಮಾಧಾನ ಇಲ್ಲಿ ಸಾಲದು, ಏಕೆಂದರೆ ಕೋಷ್ಟಕವನ್ನು ಓದುವ ಹಾರ್ಡ್‌ವೇರ್ ಆ ಲಾಕನ್ನು ಕೇಳುವುದೇ ಇಲ್ಲ. ಕರ್ನಲ್ಲಿನೊಳಗೂ ಲಾಕ್ ಹಿಡಿಯದೆ ಓದುವ ವೇಗದ ದಾರಿಗಳಿವೆ. ಲಿನಕ್ಸ್ ತನ್ನ ಕೋಡ್‌ನಲ್ಲಿ ವಿಳಾಸವನ್ನು ಪ್ರಕಟಿಸುವ ಮುನ್ನ ಎಸ್‌ಎಂಪಿ_ಡಬ್ಲ್ಯುಎಂಬಿ ಎಂಬ ತಡೆಯನ್ನು, ಅಂದರೆ ಹಿಂದಿನ ಬರಹಗಳು ಮುಂದಿನವುಗಳಿಗಿಂತ ಮೊದಲೇ ಗೋಚರವಾಗಬೇಕೆಂಬ ಆದೇಶವನ್ನು, ಇಟ್ಟಿರುವುದು ಇದಕ್ಕಾಗಿಯೇ. ತಿದ್ದುಪಡಿಯಲ್ಲೂ ಅದು ಅದೇ ಜಾಗದಲ್ಲಿರಬೇಕು. ಓದುವ ಬದಿಯಲ್ಲಿ ರೀಡ್_ಒನ್ಸ್ ಎಂಬ ಕರ್ನಲ್ ಮ್ಯಾಕ್ರೊ ಬಳಸಿ ವಿಳಾಸ ಪಡೆದರೆ ಸಾಕು, ಏಕೆಂದರೆ ಓದಿದ ವಿಳಾಸವನ್ನು ಅವಲಂಬಿಸಿದ ಮುಂದಿನ ಓದನ್ನು ಆರ್ಮ್ ಹಿಂದುಮುಂದು ಮಾಡುವುದಿಲ್ಲ. (ಇದನ್ನೂ ಪಾಲಿಸದ ಆಲ್ಫಾ ಪ್ರೊಸೆಸರಿಗೆ ಬೇಕಾದ ತಡೆಯನ್ನು ಲಿನಕ್ಸ್ 4.15ರಿಂದ ರೀಡ್_ಒನ್ಸ್‌ನಲ್ಲೇ ಅಡಕಗೊಳಿಸಲಾಗಿದೆ.)

ಸಂದೇಶ ಮುದ್ರಿಸುವ ಪ್ರಿಂಟ್‌ಕೆ ಸಾಲು ಸೇರಿಸಿದೊಡನೆ ಕುಸಿತ ನಿಂತಿತೆಂಬುದು ಪರಿಹಾರವಲ್ಲ, ಅದರಿಂದ ಬರಹ-ಓದುಗಳ ಸಮಯವಷ್ಟೇ ಆಚೀಚೆ ಸರಿದಿರುತ್ತದೆ. ತಡೆಯ ಪಕ್ಕದಲ್ಲಿ ಅದು ಯಾವ ಓದಿಗೆ ಜೋಡಿ ಎಂಬ ಟಿಪ್ಪಣಿ ಬರೆಯದ ತಿದ್ದುಪಡಿಯನ್ನು ಪರಿಶೀಲಕರು ಹಿಂದಿರುಗಿಸಿದರೆ ಅದು ನ್ಯಾಯವೇ.