ಹ್ಯಾಂಗರ್‌ನಿಂದ ಕಂಟ್ರೋಲ್ ರೂಮಿಗೆ: ಕಲಿತದ್ದರಲ್ಲಿ ಯಾವುದು ಜೊತೆಗೆ ಬರುತ್ತದೆ?

ಪಿಯುಸಿ ವಿಜ್ಞಾನ ಮುಗಿಸಿ ವಿಮಾನ ನಿರ್ವಹಣೆಯ ಕೋರ್ಸ್ ಸೇರಬೇಕೆನ್ನುವ ವಿದ್ಯಾರ್ಥಿಗಳು ನಮ್ಮಲ್ಲಿ ಇದ್ದಾರೆ. ಮುಂದೆ ಆ ಕ್ಷೇತ್ರದಲ್ಲಿ ಕೆಲಸ ಸಿಗದಿದ್ದರೆ ಅಥವಾ ಮನಸ್ಸು ಬದಲಾದರೆ ಎಲ್ಲಿಗೆ ಹೋಗಬಹುದು? ಅದಕ್ಕಿರುವ ಉತ್ತರಗಳಲ್ಲಿ ಪರಮಾಣು ವಿದ್ಯುತ್ ಸ್ಥಾವರವೂ ಒಂದು. ನಮ್ಮ ಉತ್ತರ ಕನ್ನಡದ ಕೈಗಾದಲ್ಲಿಯೇ ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿವೆ. ಅಲ್ಲಿಯ ಮೊದಲ ಘಟಕ 2016ರಿಂದ 2018ರ ಕೊನೆಯವರೆಗೆ 962 ದಿನ ನಿಲ್ಲದೆ ನಡೆದು ಆಗಿನ ವಿಶ್ವ ದಾಖಲೆ ಬರೆಯಿತು. ಈ ಎರಡು ಕೆಲಸಗಳ ನಡುವೆ ಯಾವುದು ಸಮಾನ, ಯಾವುದು ಬೇರೆ, ದಾರಿ ಬದಲಿಸಲು ಏನು ಬೇಕು ಎಂಬುದನ್ನು ನೋಡೋಣ.

1. ಎರಡೂ ಕಡೆ ಒಂದೇ ಆಗಿರುವುದು

1990ರ ಜೂನ್ 10ರಂದು ಬ್ರಿಟಿಷ್ ಏರ್‌ವೇಸ್‌ನ 5390ನೇ ವಿಮಾನ ಮೇಲೇರುತ್ತಿದ್ದಾಗ ಕ್ಯಾಪ್ಟನ್ ಮುಂದಿನ ಗಾಜು ಕಿತ್ತುಹೋಯಿತು. ಅವರ ಅರ್ಧ ದೇಹ ಹೊರಗೆ ಸೆಳೆಯಲ್ಪಟ್ಟಿತು. ಸಿಬ್ಬಂದಿ ಅವರನ್ನು ಬಿಗಿಯಾಗಿ ಹಿಡಿದುಕೊಂಡರು, ಸಹ ಪೈಲಟ್ ವಿಮಾನ ಇಳಿಸಿದರು, ಎಲ್ಲರೂ ಬದುಕಿದರು. ಹಾರಾಟಕ್ಕೆ ಸ್ವಲ್ಪ ಮುಂಚೆ ಆ ಗಾಜನ್ನು ಬದಲಿಸಲಾಗಿತ್ತು. 90 ಬೋಲ್ಟುಗಳಲ್ಲಿ 84 ಬೇಕಾದುದಕ್ಕಿಂತ ಸ್ವಲ್ಪ ಸಣಕಲಾಗಿದ್ದವು. ಭಾಗಗಳ ಪಟ್ಟಿಯನ್ನು ನೋಡದೆ ಹಳೆಯ ಬೋಲ್ಟಿನ ಪಕ್ಕ ಇಟ್ಟು ಕಣ್ಣಳತೆಯಲ್ಲಿ ಆರಿಸಿದ್ದೇ ಕಾರಣ.

1979ರ ಮಾರ್ಚ್ 28ರಂದು ಅಮೆರಿಕದ ಥ್ರೀ ಮೈಲ್ ಐಲೆಂಡ್ ಸ್ಥಾವರದಲ್ಲಿ ಒಂದು ವಾಲ್ವ್ ತೆರೆದೇ ಸಿಕ್ಕಿಕೊಂಡಿತು. ಕಂಟ್ರೋಲ್ ರೂಮಿನ ದೀಪ ಮಾತ್ರ ಆರಿಹೋಯಿತು. ಆ ದೀಪ ತೋರಿಸುತ್ತಿದ್ದುದು ‘ಮುಚ್ಚು’ ಎಂಬ ಆಜ್ಞೆ ಹೋಗಿದೆ ಎಂಬುದನ್ನು. ವಾಲ್ವ್ ನಿಜವಾಗಿ ಮುಚ್ಚಿದೆ ಎಂಬುದನ್ನಲ್ಲ. ಆಪರೇಟರ್‌ಗಳು ವಾಲ್ವ್ ಮುಚ್ಚಿದೆ ಎಂದು ತಿಳಿದು, ತುರ್ತು ನೀರನ್ನೂ ಕಡಿಮೆ ಮಾಡಿದರು. ರಿಯಾಕ್ಟರಿನ ಒಳಭಾಗ ಭಾಗಶಃ ಕರಗಿತು.

ಎರಡೂ ಕಡೆ ಕೆಲಸ ಮಾಡಿದವರು ಅನುಭವಿಗಳೇ. ಮೊದಲನೆಯದರ ಪಾಠ: ಕಣ್ಣಿಗಿಂತ ಕೈಪಿಡಿ ದೊಡ್ಡದು. ಎರಡನೆಯದರ ಪಾಠ: ಒಂದೇ ದೀಪವನ್ನು ನಂಬದೆ ಬೇರೆ ಮಾಪಕಗಳನ್ನೂ ನೋಡಬೇಕು. ಕ್ರಮ ಓದಿ ಕೆಲಸ ಮಾಡುವುದು, ಉಪಕರಣಗಳನ್ನು ಎಣಿಸಿ ಒಳಗೊಯ್ದು ಎಣಿಸಿ ಹೊರತರುವುದು, ಇನ್ನೊಬ್ಬರಿಂದ ಪರೀಕ್ಷೆ ಮಾಡಿಸುವುದು, ಮಾಡಿದ್ದಕ್ಕೆ ಮಾತ್ರ ಸಹಿ ಹಾಕುವುದು, ಶಿಫ್ಟ್ ಬದಲಾಗುವಾಗ ಎಲ್ಲವನ್ನೂ ಹೇಳಿ ಒಪ್ಪಿಸುವುದು: ಹ್ಯಾಂಗರ್‌ನಲ್ಲಿ ಕಲಿತ ಈ ಅಭ್ಯಾಸಗಳು ಸ್ಥಾವರದಲ್ಲಿಯೂ ಹಾಗೆಯೇ ಬೇಕು.

2. ಬೇರೆಯಾಗಿರುವುದು

ವಿಮಾನದ ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಅದನ್ನು ಬಿಚ್ಚಬಹುದು. ರಿಯಾಕ್ಟರ್ ನಿಲ್ಲಿಸಿದರೂ ಬಿಸಿ ನಿಲ್ಲುವುದಿಲ್ಲ. ವಿದಳನದಿಂದ ಉಂಟಾದ ವಿಕಿರಣಶೀಲ ತುಣುಕುಗಳು ಕ್ಷಯಿಸುತ್ತಲೇ ಇರುತ್ತವೆ. ದ್ವಿತೀಯ ಪಿಯುಸಿ ಭೌತಶಾಸ್ತ್ರದಲ್ಲಿ ಓದುವ ವಿಷಯವೇ ಇದು. 220 ಮೆಗಾವ್ಯಾಟ್ ವಿದ್ಯುತ್ ಕೊಡುವ ಘಟಕದಲ್ಲಿ ಹುಟ್ಟುವ ಉಷ್ಣ ಸುಮಾರು 750 ಮೆಗಾವ್ಯಾಟ್. ನಿಲ್ಲಿಸಿದ ಕ್ಷಣದಲ್ಲಿ ಅದರ ಸುಮಾರು ಶೇ. 6, ಅಂದರೆ 45 ಮೆಗಾವ್ಯಾಟ್ ಉಳಿದಿರುತ್ತದೆ. ಒಂದು ಗಂಟೆಯ ನಂತರವೂ ಶೇ. 1ಕ್ಕಿಂತ ಹೆಚ್ಚು ಇರುತ್ತದೆ. ಆದ್ದರಿಂದ ತಂಪುಗೊಳಿಸುವ ಕೆಲಸ ನಿಲ್ಲುವಂತಿಲ್ಲ. ನಿರ್ವಹಣೆಯವರು ನಿಂತ ಯಂತ್ರವನ್ನು ಸರಿಪಡಿಸುತ್ತಾರೆ. ಆಪರೇಟರ್ ನಡೆಯುತ್ತಿರುವ ಯಂತ್ರವನ್ನು ಹಗಲು ರಾತ್ರಿ ಕಾಯುತ್ತಾರೆ. ಈ ವ್ಯತ್ಯಾಸವನ್ನು ಹೊಸದಾಗಿಯೇ ಕಲಿಯಬೇಕು.

3. ಲೈಸೆನ್ಸ್ ಮತ್ತು ವಯಸ್ಸು

ವಿಮಾನ ನಿರ್ವಹಣೆಯ ಲೈಸೆನ್ಸ್ ಕೊಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. ಅದು ರಿಯಾಕ್ಟರಿಗೆ ನಡೆಯುವುದಿಲ್ಲ. ಕಂಟ್ರೋಲ್ ರೂಮಿನಲ್ಲಿ ಕೂರುವವರಿಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಬೇರೆಯೇ ಬೇಕು. ಗಲ್ಫ್ ಕಡೆ ನೋಡುವವರು ಗಮನಿಸಿ: ಅಬುಧಾಬಿಯ ಬರಾಕಾ ಸ್ಥಾವರದಲ್ಲಿಯೂ ಆ ದೇಶದ್ದೇ ಪರವಾನಗಿ ಬೇಕು.

ನಮ್ಮ ದೇಶದ ಪರಮಾಣು ಸ್ಥಾವರಗಳನ್ನು ನಡೆಸುವ ಎನ್‌ಪಿಸಿಐಎಲ್ ಸಂಸ್ಥೆ ಆಪರೇಟರ್ ತರಬೇತಿಗೆ ಪಿಯುಸಿ ವಿಜ್ಞಾನ ಓದಿದವರನ್ನು ನೇರವಾಗಿ ತೆಗೆದುಕೊಳ್ಳುತ್ತದೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದೊಂದಿಗೆ ಕನಿಷ್ಠ ಶೇ. 50 ಅಂಕ ಬೇಕು. ವಯಸ್ಸು ಸಾಮಾನ್ಯವಾಗಿ 18ರಿಂದ 24. ಡಿಪ್ಲೊಮಾ ಮತ್ತು ಬಿಎಸ್ಸಿ ಆದವರಿಗೆ ಬೇರೆ ಹುದ್ದೆಗಳಿವೆ.

ಈಗ ಲೆಕ್ಕ ಹಾಕಿ. ವಿಮಾನ ನಿರ್ವಹಣೆಯ ತರಗತಿ, ಪರೀಕ್ಷೆ, ಪ್ರಾಯೋಗಿಕ ಅನುಭವ ಎಲ್ಲ ಸೇರಿ ನಾಲ್ಕು ವರ್ಷ ಅಥವಾ ಹೆಚ್ಚು ಹಿಡಿಯುತ್ತದೆ. 18ಕ್ಕೆ ಸೇರಿದವರಿಗೆ ಲೈಸೆನ್ಸ್ ಕೈಗೆ ಬರುವಾಗ 22 ದಾಟಿರುತ್ತದೆ. ಉಳಿಯುವುದು ಒಂದೆರಡು ವರ್ಷ ಮಾತ್ರ. ‘ಹತ್ತು ವರ್ಷ ದುಡಿದು ಆಮೇಲೆ ನೋಡೋಣ’ ಎಂದರೆ ಈ ಬಾಗಿಲು ಮುಚ್ಚಿರುತ್ತದೆ.

4. ಈಗ ಮಾಡಬಹುದಾದದ್ದು

• ಕೋರ್ಸಿಗೆ ಶುಲ್ಕ ಕಟ್ಟುವ ಮುನ್ನ ಆ ಸಂಸ್ಥೆಗೆ ಡಿಜಿಸಿಎ ಅನುಮೋದನೆ ಇದೆಯೇ ಎಂದು ನೋಡಿ.
• ಲೈಸೆನ್ಸಿನ ಜೊತೆಗೆ ಮಾನ್ಯತೆ ಪಡೆದ ಪದವಿ ಅಥವಾ ಡಿಪ್ಲೊಮಾ ಇಟ್ಟುಕೊಳ್ಳಿ. ಅಧಿಸೂಚನೆ ಕೇಳುವ ವಿದ್ಯಾರ್ಹತೆಗೆ ಲೈಸೆನ್ಸ್ ಬದಲಿಯಾಗುತ್ತದೆ ಎಂದುಕೊಳ್ಳಬೇಡಿ.
• ಒಬಿಸಿ ಸಡಿಲಿಕೆಗೆ ಅರ್ಹರಾದವರು ಕೇಂದ್ರ ಸರ್ಕಾರದ ನಮೂನೆಯ ಪ್ರಮಾಣಪತ್ರವನ್ನು ಮುಂಚೆಯೇ ಮಾಡಿಸಿಡಿ.
• ಪ್ರಯೋಗಾಲಯದ ರೆಕಾರ್ಡ್ ಪುಸ್ತಕದಲ್ಲಿ ಕಂಡದ್ದನ್ನೇ ಬರೆಯಿರಿ, ಪಕ್ಕದವರ ರೀಡಿಂಗ್ ನಕಲು ಮಾಡಬೇಡಿ. ಹ್ಯಾಂಗರ್ ಆಗಲಿ, ಕಂಟ್ರೋಲ್ ರೂಮ್ ಆಗಲಿ, ಮೊದಲು ನೋಡುವುದು ಈ ಗುಣವನ್ನೇ.