ದೈತ್ಯನ ಸೇತುವೆ

ಕೆಲವು ಸ್ಥಳಗಳನ್ನು ಕಂಡಾಗ, ಇದು ಪ್ರಕೃತಿಯ ಕೆಲಸವೋ ನುರಿತ ಶಿಲ್ಪಿಯ ಕೆಲಸವೋ ಎಂಬ ಸಂದೇಹ ಮೂಡುತ್ತದೆ. ಉತ್ತರ ಐರ್ಲೆಂಡಿನ ಆಂಟ್ರಿಮ್ ಕರಾವಳಿಯಲ್ಲಿರುವ ‘ಜಾಯಂಟ್ಸ್ ಕಾಸ್‌ವೇ’ ಅಂತಹ ಒಂದು ಸ್ಥಳ. ದೈತ್ಯನು ಕಟ್ಟಿದ ಸೇತುವೆ ಎಂಬುದು ಆ ಹೆಸರಿನ ಅರ್ಥ. ಮಗಳ ಮನೆಗೆಂದು ಬೆಲ್‌ಫಾಸ್ಟ್ ನಗರಕ್ಕೆ ಹೋಗಿದ್ದ ನಾನು ಒಂದು ದಿನ ಪ್ರವಾಸಿಗರ ಬಸ್ಸಿನಲ್ಲಿ ಆ ಕರಾವಳಿಯನ್ನು ನೋಡಿಬಂದೆ.

ಬೆಳಗ್ಗೆ ಎಂಟು ಗಂಟೆಗೆ ಬಸ್ಸು ಹೊರಟಿತು. ನಮ್ಮ ಮಾರ್ಗದರ್ಶಿ ಆ ನಾಡಿನಲ್ಲೇ ಹುಟ್ಟಿ ಬೆಳೆದ ತರುಣಿ. ಲಾರ್ನ್ ಪಟ್ಟಣವನ್ನು ದಾಟುತ್ತಲೇ ರಸ್ತೆ ಸಮುದ್ರದ ಅಂಚನ್ನು ಹಿಡಿಯಿತು. ಎಡಕ್ಕೆ ಗೋಡೆಯಂತೆ ನಿಂತ ಬಂಡೆಗಳು, ಬಲಕ್ಕೆ ನೊರೆಯುಕ್ಕಿಸುವ ಕಡಲು. ವಿಲಿಯಂ ಬಾಲ್ಡ್ ಎಂಬ ಎಂಜಿನಿಯರನು 1832ರಿಂದ 1842ರವರೆಗಿನ ಅವಧಿಯಲ್ಲಿ ಬಂಡೆಗಳನ್ನು ಸಿಡಿಸಿ ಈ ಮಾರ್ಗವನ್ನು ನಿರ್ಮಿಸಿದನಂತೆ. ಬಂಡೆಗಳ ಕೆಳಭಾಗ ಬಿಳುಪು, ಮೇಲ್ಭಾಗ ಕಡುಗಪ್ಪು. ಬಿಳಿಯದು ಪುರಾತನ ಕಡಲಿನ ತಳದಲ್ಲಿ ಸೂಕ್ಷ್ಮಜೀವಿಗಳ ಚಿಪ್ಪುಗಳು ಸೇರಿ ಆದ ಸುಣ್ಣಕಲ್ಲು; ಕರಿಯದು ಅದರ ಮೇಲೆ ಹರಿದು ಗಟ್ಟಿಯಾದ ಲಾವಾರಸ. ಅದನ್ನೇ ಬಸಾಲ್ಟ್ ಶಿಲೆ ಎನ್ನುತ್ತಾರೆ.

ಮೊದಲು ನಿಂತದ್ದು ಕ್ಯಾರಿಕ್-ಎ-ರೀಡ್ ಎಂಬಲ್ಲಿ. ಅಲ್ಲಿ ದಡಕ್ಕೂ ಒಂದು ಪುಟ್ಟ ದ್ವೀಪಕ್ಕೂ ನಡುವೆ, ಕಡಲಿನಿಂದ 30 ಮೀಟರ್ ಎತ್ತರದಲ್ಲಿ, 20 ಮೀಟರ್ ಉದ್ದದ ಹಗ್ಗದ ತೂಗುಸೇತುವೆಯಿದೆ. 1755ರಲ್ಲಿ ಸಾಲ್ಮನ್ ಮೀನು ಹಿಡಿಯುವ ಬೆಸ್ತರು ಇಲ್ಲಿ ಮೊದಲ ಸೇತುವೆಯನ್ನು ಕಟ್ಟಿದರು. ಗಾಳಿಗೆ ಸೇತುವೆ ಓಲಾಡುತ್ತಿತ್ತು. ನಾನು ಹಗ್ಗವನ್ನು ಬಿಗಿಯಾಗಿ ಹಿಡಿದು ದಾಟಿದೆ; ಆ ಬೆಸ್ತರಾದರೋ ಹೆಗಲ ಮೇಲೆ ಮೀನಿನ ಹೊರೆ ಹೊತ್ತು ದಾಟುತ್ತಿದ್ದರು. ಕಾಲಕ್ರಮದಲ್ಲಿ ಮೀನುಗಳು ಕಡಿಮೆಯಾದವು. ಇಲ್ಲಿ ಕೊನೆಯ ಮೀನು ಬಲೆಗೆ ಬಿದ್ದದ್ದು 2002ರಲ್ಲಿ. ಇಂದು ಸೇತುವೆಯನ್ನು ದಾಟುವವರು ಪ್ರವಾಸಿಗರು ಮಾತ್ರ.

ಮಧ್ಯಾಹ್ನದ ಹೊತ್ತಿಗೆ ಜಾಯಂಟ್ಸ್ ಕಾಸ್‌ವೇ ತಲುಪಿದೆವು. ಇಳಿಜಾರಿನ ದಾರಿಯಲ್ಲಿ ನಡೆದು ತಿರುವನ್ನು ದಾಟಿದೊಡನೆ ನಾನು ಮೂಕನಾಗಿ ನಿಂತೆ. ಸುಮಾರು 40,000 ಕಲ್ಲುಕಂಬಗಳು ಒಂದಕ್ಕೊಂದು ಒತ್ತಿಕೊಂಡು, ಮೆಟ್ಟಿಲುಮೆಟ್ಟಿಲಾಗಿ ಕಡಲಿನೊಳಕ್ಕೆ ಇಳಿದುಹೋಗಿವೆ. ಹೆಚ್ಚಿನವಕ್ಕೆ ಆರು ಮುಖ. ಕೆಲವಕ್ಕೆ ಐದು, ಏಳು. ಮೇಲಿನಿಂದ ನೋಡಿದರೆ ಜೇನುಹುಟ್ಟನ್ನು ಕಲ್ಲಿನಲ್ಲಿ ಎರಕ ಹೊಯ್ದಂತೆ ಕಾಣುತ್ತದೆ. ಅತಿ ಎತ್ತರದ ಕಂಬಗಳು ಸುಮಾರು 12 ಮೀಟರ್ ಇವೆ.

ಮಾರ್ಗದರ್ಶಿ ಮೊದಲು ಕಥೆಯನ್ನು ಹೇಳಿದಳು. ಫಿನ್ ಮೆಕೂಲ್ ಎಂಬ ಐರಿಷ್ ದೈತ್ಯನು ಸ್ಕಾಟ್ಲೆಂಡಿನ ಬೆನಾಂಡೋನರ್ ಎಂಬ ದೈತ್ಯನೊಡನೆ ಕಾದಾಡಲು ಕಡಲಿಗೆ ಸೇತುವೆ ಕಟ್ಟಿದನಂತೆ. ಎದುರಾಳಿ ತನಗಿಂತ ಬಲಿಷ್ಠನೆಂದು ತಿಳಿದು ಮನೆಗೆ ಓಡಿಬಂದನಂತೆ. ಜಾಣೆಯಾದ ಅವನ ಹೆಂಡತಿ ಅವನಿಗೆ ಕೂಸಿನ ಉಡುಪು ತೊಡಿಸಿ ತೊಟ್ಟಿಲಲ್ಲಿ ಮಲಗಿಸಿದಳು. ಅಟ್ಟಿಸಿಕೊಂಡು ಬಂದ ಬೆನಾಂಡೋನರ್, ‘ಕೂಸೇ ಇಷ್ಟು ದೊಡ್ಡದಾದರೆ ಇದರ ತಂದೆ ಎಂಥವನಿರಬಹುದು!’ ಎಂದು ಬೆದರಿ, ಸೇತುವೆಯನ್ನು ಕಿತ್ತೆಸೆಯುತ್ತ ಪರಾರಿಯಾದನಂತೆ. ನಳನು ಕಟ್ಟಿದ ಸೇತುವೆಯ ಕಥೆಯನ್ನು ಕೇಳಿ ಬೆಳೆದ ನನಗೆ ಇದು ನೆರೆಮನೆಯ ಕಥೆಯಂತೆ ತೋರಿತು. ಕಡಲಿನಾಚೆ, ಸ್ಕಾಟ್ಲೆಂಡಿನ ಸ್ಟಾಫಾ ದ್ವೀಪದಲ್ಲಿಯೂ ಇಂತಹವೇ ಕಂಬಗಳಿವೆ.

ಬಳಿಕ ಆಕೆ ವಿಜ್ಞಾನದ ಮಾತನ್ನು ಹೇಳಿದಳು. ಕಡಲಿನ ನೀರಿನಲ್ಲಿದ್ದ ಪದಾರ್ಥವು ಹರಳುಗಟ್ಟಿ ಇಂತಹ ಶಿಲೆಯಾಯಿತೆಂದು ಹದಿನೆಂಟನೆಯ ಶತಮಾನದ ಕೆಲವು ಪಂಡಿತರು ನಂಬಿದ್ದರು. 1763ರಲ್ಲಿ ನಿಕೊಲಾ ದೆಮಾರೆ ಎಂಬ ವಿದ್ವಾಂಸನು ಫ್ರಾನ್ಸಿನ ಹಳೆಯ ಜ್ವಾಲಾಮುಖಿಗಳ ನಾಡಿನಲ್ಲಿ ಇಂತಹ ಕಂಬಗಳನ್ನು ಕಂಡು, ಇವು ಬೆಂಕಿಯಿಂದ ಹುಟ್ಟಿದವೆಂದು ಗ್ರಹಿಸಿದನು. ಸುಮಾರು 6 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿದ ಲಾವಾರಸ ಇಲ್ಲಿ ಮಡುಗಟ್ಟಿ ನಿಧಾನವಾಗಿ ತಣಿಯಿತು. ತಣಿದ ವಸ್ತು ಕುಗ್ಗುತ್ತದೆ, ಕುಗ್ಗಿದಾಗ ಬಿರಿಯುತ್ತದೆ. ಬೇಸಿಗೆಯಲ್ಲಿ ಬತ್ತಿದ ಕೆರೆಯ ಅಂಗಳ ಬಿರಿಯುವುದನ್ನು ನಾವೆಲ್ಲ ನೋಡಿಲ್ಲವೇ? ಇಲ್ಲಿ ಬಿರುಕುಗಳು ತಣಿಯುತ್ತಿದ್ದ ರಸದ ಆಳಕ್ಕಿಳಿದು ಕಂಬಗಳನ್ನು ಕಡೆದವು.

ಎದುರಿನ ಬಂಡೆಯಲ್ಲಿ ಕಪ್ಪು ಪದರಗಳ ನಡುವೆ ಒಂದು ಕೆಂಪು ಪಟ್ಟಿಯಿತ್ತು. ಅದನ್ನು ಕಂಡು ನನಗೆ ನಮ್ಮ ಕರಾವಳಿಯ ಮುರಕಲ್ಲು ನೆನಪಾಯಿತು. ನನ್ನ ಊಹೆ ಸರಿಯಾಗಿತ್ತು. ಎರಡು ಲಾವಾ ಪ್ರವಾಹಗಳ ನಡುವಣ ಕಾಲದಲ್ಲಿ, ಬಿಸಿಲು ಮಳೆಗಳ ಬೆಚ್ಚನೆಯ ಹವೆಗೆ ಶಿಲೆ ಕೊಳೆತು ಆದ ಮುರಕಲ್ಲೇ ಅದು. ಇಂದು ಚಳಿಗಾಳಿ ಬೀಸುವ ಈ ನಾಡು ಒಂದು ಕಾಲಕ್ಕೆ ಮಲೆನಾಡಿನಂತೆ ಇತ್ತೆಂಬುದಕ್ಕೆ ಆ ಕೆಂಪು ಪಟ್ಟಿಯೇ ಸಾಕ್ಷಿ.

ನದಿಯನ್ನು ದಾಟುವಾಗ ನಾಣ್ಯವನ್ನು ಹಾಕಿ ಕೈಮುಗಿಯುವುದು ನಮ್ಮ ರೂಢಿ. ಎರಡು ಕಂಬಗಳ ನಡುವಣ ಸಂದಿನಲ್ಲಿ ಯಾರೋ ಸಿಕ್ಕಿಸಿದ್ದ ನಾಣ್ಯಗಳನ್ನು ಕಂಡು ನಾನೂ ಭಕ್ತಿಯಿಂದ ಒಂದು ಪೆನ್ನಿಯನ್ನು ಕೈಗೆತ್ತಿಕೊಂಡೆ. ಮಾರ್ಗದರ್ಶಿ ಹತ್ತಿರ ಬಂದು, ವಿನಯದಿಂದಲೇ ನನ್ನನ್ನು ತಡೆದಳು. ಪೆನ್ನಿಯ ಮೇಲೆ ತಾಮ್ರದ ಲೇಪವಿದ್ದರೂ ಒಳಗಿರುವುದು ಉಕ್ಕು. ಉಪ್ಪುಗಾಳಿಗೆ ಅದು ತುಕ್ಕು ಹಿಡಿದು ಉಬ್ಬುತ್ತದೆ. ಉಬ್ಬಿದಾಗ ಕಲ್ಲನ್ನು ಒಡೆಯುತ್ತದೆ. ಆಕೆ ತೋರಿಸಿದ ಕಂಬದ ಅಂಚು ಸಿಡಿದಿತ್ತು. ಸುತ್ತಲೂ ಕಂದು ಕಲೆ ಇಳಿದಿತ್ತು. ಈ ಸ್ಥಳವನ್ನು ನೋಡಿಕೊಳ್ಳುತ್ತಿರುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯು 2025ರಲ್ಲಿ, ನಾಣ್ಯಗಳನ್ನು ಸಿಕ್ಕಿಸಬೇಡಿರೆಂದು ಪ್ರವಾಸಿಗರನ್ನು ಬಹಿರಂಗವಾಗಿ ಬೇಡಿಕೊಂಡಿತು. ಯುನೆಸ್ಕೊ 1986ರಲ್ಲಿಯೇ ವಿಶ್ವಪರಂಪರೆಯ ತಾಣವೆಂದು ಘೋಷಿಸಿದ ಸ್ಥಳವಿದು. 6 ಕೋಟಿ ವರ್ಷಗಳ ಗಾಳಿ ಅಲೆಗಳಿಗೆ ಜಗ್ಗದೆ ಉಳಿದ ಕಲ್ಲಿಗೆ, ಪ್ರೀತಿಯಿಂದಿಟ್ಟ ಪುಟ್ಟ ನಾಣ್ಯವೇ ಬೆಣೆಯಾಗುತ್ತಿದೆ! ಬದುಕೆಲ್ಲ ಮಕ್ಕಳಿಗೆ ಪಾಠ ಹೇಳಿದ ನಾನು, ಆ ದಿನ ತಲೆತಗ್ಗಿಸಿ ಪಾಠ ಕಲಿತೆ.

ಸಂಜೆ ಕಡಲಂಚಿನ ಬಂಡೆಯ ಮೇಲೆ ನಿಂತ ಡನ್‌ಲೂಸ್ ಕೋಟೆಯ ಪಾಳುಗೋಡೆಗಳನ್ನು ನೋಡಿದೆವು. 1588ರಲ್ಲಿ ಈ ತೀರದಲ್ಲಿ ಒಡೆದುಹೋದ ಸ್ಪೇನ್ ದೇಶದ ‘ಜಿರೋನಾ’ ಹಡಗಿನ ಫಿರಂಗಿಗಳನ್ನು ಈ ಕೋಟೆಗೆ ತಂದಿರಿಸಿದ್ದರಂತೆ. ಇಂದು ಆ ದೊರೆಗಳೂ ಇಲ್ಲ, ಕೋಟೆಗೆ ಮಾಡೂ ಇಲ್ಲ. ಮನುಷ್ಯನ ಸಂಪತ್ತು ಎಷ್ಟು ಬೇಗ ಕರಗುವುದೆಂದು ಯೋಚಿಸುತ್ತ ಬಸ್ಸು ಹತ್ತಿದೆ.

ನಮ್ಮ ಉಡುಪಿ ಜಿಲ್ಲೆಯ ಮಲ್ಪೆಯ ಎದುರಿಗೆ ಸೇಂಟ್ ಮೇರಿ ದ್ವೀಪವಿದೆ. ಅಲ್ಲಿಯೂ ಕಲ್ಲುಕಂಬಗಳಿವೆ. ಅವು ಬಸಾಲ್ಟ್ ಅಲ್ಲ, ಬೇರೊಂದು ಬಗೆಯ ಅಗ್ನಿಶಿಲೆ. ಭಾರತ ಮತ್ತು ಮಡಗಾಸ್ಕರ್ ಒಂದನ್ನೊಂದು ಅಗಲುತ್ತಿದ್ದ ಕಾಲದ, ಅಂದರೆ ಸುಮಾರು 8.8 ಕೋಟಿ ವರ್ಷಗಳ ಹಿಂದಿನ ಶಿಲೆಗಳವು. ಅವನ್ನು ನೋಡಲು ನೀವು ಒಂದು ದಿನ ಹೋಗಬಹುದು. ಹೋದಾಗ ಕಣ್ತುಂಬ ನೋಡಿ, ಕೈಯಿಂದ ಮುಟ್ಟಿ ನೋಡಿ, ಕಥೆ ಕೇಳಿ, ಕಾರಣ ತಿಳಿಯಿರಿ. ಆದರೆ ಹೆಸರು ಕೊರೆಯುವುದಾಗಲಿ, ನಾಣ್ಯ ಸಿಕ್ಕಿಸುವುದಾಗಲಿ ಬೇಡ. ನಾನು ಅಂದು ಹಿಂದಕ್ಕೆ ಜೇಬಿಗೆ ಹಾಕಿಕೊಂಡ ಪೆನ್ನಿ ಇಂದಿಗೂ ನನ್ನ ಮೇಜಿನ ಮೇಲಿದೆ. ಆ ಕಂಬಗಳಿಗೆ ನಾನು ಸಲ್ಲಿಸಿದ ಕಾಣಿಕೆ, ಅದನ್ನು ಅಲ್ಲಿ ಇಡದೆ ಬಂದದ್ದೇ.