ಹುಲ್ಲುಮಾಡು ಮತ್ತು ಮುಯ್ಯಾಳು: ಒಂದು ಪದಸಂಪತ್ತಿನ ವಿಚಾರ

ಮನೆಯ ಮಾಡು ಬದಲಾದಾಗ ಅದರೊಡನೆ ಒಂದು ಶಬ್ದಲೋಕವೂ ಮರೆಯಾಗುತ್ತದೆ. ಥಾಣೆ ಸೀಮೆಯ ವಾರ್ಲಿಗಳ ಮನೆ ಮತ್ತು ಕರಾವಳಿ ಕರ್ನಾಟಕದ ಮುಳಿಹುಲ್ಲಿನ ಮನೆ ಈ ಮಾತಿಗೆ ನಿದರ್ಶನಗಳು.

ಕಾರವಿ ಕಡ್ಡಿಗಳಿಗೆ ಮಣ್ಣು, ಸೆಗಣಿ ಮೆತ್ತಿದ ಗೋಡೆ, ಅದರ ಮೇಲೆ ಹುಲ್ಲಿನ ಹೊದಿಕೆ: ಇದು ವಾರ್ಲಿಗಳ ಸಾಂಪ್ರದಾಯಿಕ ಮನೆ. ಆ ಗೋಡೆಯ ಮೇಲೆ ಅಕ್ಕಿಹಿಟ್ಟಿನಿಂದ ಬರೆಯುತ್ತಿದ್ದ ಚಿತ್ರ 1970ರ ದಶಕದಲ್ಲಿ ಕಾಗದಕ್ಕೆ ಬಂದಿತು. ಚಿತ್ರಕಾರ ಜಿವ್ಯಾ ಸೋಮಾ ಮಶೆ ಅವರಿಗೆ 2011ರಲ್ಲಿ ಪದ್ಮಶ್ರೀ ಸಂದಿತು. ಅದೇ ಮನೆಯ ಮಾಡನ್ನು ಹೊದಿಸುವ ಕುಶಲತೆಗೆ ಅಂತಹ ಆಶ್ರಯ ದೊರೆಯಲಿಲ್ಲ.

ದಕ್ಷಿಣ ಕನ್ನಡದಲ್ಲಿ ಪದವುಗಳ ಮುಳಿಹುಲ್ಲು, ಹೆಣೆದ ತೆಂಗಿನ ಮಡಲು, ಅಡಕೆಯ ಸೋಗೆ ಹೊದಿಕೆಗೆ ಬಳಕೆಯಾಗುತ್ತಿದ್ದವು. ಸೂರಿನಿಂದ ಆರಂಭಿಸಿ, ಮೇಲಿನ ಸಾಲು ಕೆಳಗಿನ ಸಾಲಿನ ಕಟ್ಟನ್ನು ಮುಚ್ಚುವಂತೆ ನೆತ್ತಿಯವರೆಗೆ ಹೊದಿಸುವುದು ಕ್ರಮ. ಮಳೆಗಾಲಕ್ಕೆ ಮುನ್ನ ಮುಗಿಯಲೇಬೇಕಾದ ಈ ಕೆಲಸ ಒಂದೇ ಮನೆಯವರಿಂದ ಆಗುವಂತಹುದಲ್ಲ. ನೆರೆಯವರು ಬಂದು ದುಡಿಯುತ್ತಿದ್ದರು. ಆ ಋಣವನ್ನು ದುಡಿಮೆಯಿಂದಲೇ ತೀರಿಸಬೇಕಾಗಿತ್ತು. ಹೀಗೆ ಪರಸ್ಪರ ದುಡಿಯುವವರಿಗೆ ಮಲೆನಾಡಿನಲ್ಲಿ ಮುಯ್ಯಾಳು ಎಂದು ಹೆಸರು. ಹುಲ್ಲುಮಾಡಿಗೆ ಹೆಸರಾದ ಐರ್ಲೆಂಡಿನ ಗ್ರಾಮಗಳಲ್ಲಿಯೂ ನೆರೆಹೊರೆಯ ಇಂತಹ ಕೂಡುದುಡಿಮೆಗೆ 'ಮೆಹೆಲ್' ಎಂಬ ಪದವಿದೆ. ಹುಲ್ಲುಮಾಡು ಮನೆಮನೆಗಳ ನಡುವಣ ಸಂಬಂಧವನ್ನು ವರ್ಷವರ್ಷವೂ ನವೀಕರಿಸುತ್ತಿತ್ತು ಎಂಬುದು ಇದರಿಂದ ವಿದಿತವಾಗುತ್ತದೆ.

1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿತು. ಹಂಚು ಬಂದಂತೆ ಬೆಂಕಿಯ ಭಯವೂ ವರ್ಷದ ಹೊದಿಕೆಯ ಶ್ರಮವೂ ಕಡಿಮೆಯಾದವು. ಬಡತನದ ಗುರುತಾಗಿದ್ದ ಹುಲ್ಲುಮಾಡನ್ನು ಬಿಟ್ಟವರನ್ನು ಆಕ್ಷೇಪಿಸುವುದು ಉಚಿತವಲ್ಲ. ಗಮನಾರ್ಹ ಸಂಗತಿಯೆಂದರೆ, ಅದೇ ಬಾಸೆಲ್ ಮಿಶನ್ನಿನ ಮೂಲಕವೇ 1894ರಲ್ಲಿ ಕಿಟೆಲ್ ಅವರ ನಿಘಂಟು ಮಂಗಳೂರಿನಲ್ಲಿ ಪ್ರಕಟವಾಯಿತು. ಒಂದು ಕೈ ಹಳೆಯ ಮಾಡನ್ನು ತೆಗೆಯುತ್ತಿದ್ದಾಗ ಇನ್ನೊಂದು ಕೈ ಪದಗಳನ್ನು ಕೂಡಿಡುತ್ತಿತ್ತು. ಆದರೆ ನಿಘಂಟು ಪದದ ಅರ್ಥವನ್ನು ಉಳಿಸಬಲ್ಲುದೇ ಹೊರತು ಕೈಕೆಲಸದ ಕ್ರಮವನ್ನಲ್ಲ.

ಆ ಕ್ರಮ ಇಂದು ಹಿರಿಯರ ನೆನಪಿನಲ್ಲಿದೆ. ಕರಾವಳಿಯಿಂದ ವಲಸೆ ಬಂದ ಅನೇಕ ಕುಟುಂಬಗಳು ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲೆಸಿವೆ. ಮುಳಿಮಾಡಿನಡಿ ಬಾಲ್ಯ ಕಳೆದವರು ಈಗ ಕಾಂಕ್ರೀಟಿನ ಸೂರಿನಡಿ ವೃದ್ಧಾಪ್ಯದಲ್ಲಿದ್ದಾರೆ. ಹುಲ್ಲು ಯಾವಾಗ ಕೊಯ್ಯುತ್ತಿದ್ದರು, ಯಾವ ಬಳ್ಳಿಯಿಂದ ಕಟ್ಟುತ್ತಿದ್ದರು, ಯಾರ ಮನೆಯವರು ಬರುತ್ತಿದ್ದರು ಎಂಬ ಮೂರು ಪ್ರಶ್ನೆಗಳಿಂದಲೇ ಒಂದು ವೃತ್ತಿಪದಕೋಶ ಆರಂಭವಾಗಬಹುದು. ಇಲ್ಲಿನ ಕನ್ನಡ ವಿದ್ಯಾರ್ಥಿಗೆ ಕ್ಷೇತ್ರಕಾರ್ಯಕ್ಕಾಗಿ ದೂರ ಹೋಗಬೇಕಾಗಿಲ್ಲ. ಮನೆಯ ಅಜ್ಜಿಯ ಬಳಿ ಕುಳಿತರೆ ಸಾಕು. ಆದರೆ ಅದಕ್ಕೆ ಉಳಿದಿರುವ ಕಾಲ ಅಲ್ಪ.